ಕಲ್ಲಿದ್ದಲಿಗೆ ನದಿಮಾರ್ಗ: ಘಟ್ಟದ ಲೆಕ್ಕ ಬಿಟ್ಟರೆ ಹೇಗೆ?

ಮಾನ್ಯ ಸಂಪಾದಕರಿಗೆ,

ಗೋವಾದ ನದಿಗಳಲ್ಲಿ ಕಲ್ಲಿದ್ದಲು ಸಾಗಿಸುವುದು ರೈಲಿಗಿಂತ ಅಗ್ಗ, ಲಾರಿಗಿಂತ ಬಹಳವೇ ಅಗ್ಗ, ಆದ್ದರಿಂದ ಮಾಂಡವಿ, ಜುವಾರಿ ನದಿಗಳ ಮತ್ತು ಅವೆರಡನ್ನು ಕೂಡಿಸುವ ಕುಂಭಾರಜುವೆ ಕಾಲುವೆಯ ಹೂಳೆತ್ತಿ ಬಾರ್ಜುಗಳಿಗೆ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿಗಳಿಗೆ) ದಾರಿ ಮಾಡಿಕೊಡಬೇಕು ಎಂಬ ವಾದವನ್ನು ಓದುಗರೊಬ್ಬರು ಈಚೆಗೆ ಈ ಅಂಕಣದಲ್ಲಿ ಮಂಡಿಸಿದ್ದರು. ಅವರ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ವಾಸ್ಕೋದ ಬಾರ್ಜ್ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 1986ರಿಂದ ಇಪ್ಪತ್ತಾರು ವರ್ಷ ಟ್ರಿಪ್ ಶೀಟುಗಳನ್ನು ಕೂಡಿಸಿ ಕಳೆದ ನನಗೆ, ಆ ವಾದದಲ್ಲಿ ಒಂದು ಮುಖ್ಯ ಕಲಮು ಬಿಟ್ಟುಹೋಗಿದೆ ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಕಲ್ಲಿದ್ದಲಿನ ವಿರೋಧಿಯಲ್ಲ. ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಗಳು ಆರಿದರೆ ನಮ್ಮ ಜಿಲ್ಲೆಗಳ ಎಷ್ಟು ಮನೆಗಳ ಒಲೆ ಆರುತ್ತದೆ ಎಂಬುದು ನನಗೂ ಗೊತ್ತು. ಬಾರ್ಜಿನ ವಿರೋಧಿಯಂತೂ ಖಂಡಿತ ಅಲ್ಲ, ಏಕೆಂದರೆ ನನ್ನ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಅವೇ.

ಮೊದಲು ಅಂಕಿಯನ್ನೇ ನೋಡೋಣ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ರಸ್ತೆಯಲ್ಲಿ 2.50 ರೂಪಾಯಿ, ರೈಲಿನಲ್ಲಿ 1.36 ರೂಪಾಯಿ, ಜಲಮಾರ್ಗದಲ್ಲಿ 1.06 ರೂಪಾಯಿ ಎಂದು ಕೇಂದ್ರ ಸರಕಾರ ಪದೇ ಪದೇ ಹೇಳುತ್ತ ಬಂದಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯು ಹಳೆಯ ಐದು ಜಲಮಾರ್ಗಗಳಿಗೆ 106 ಸೇರಿಸಿ ಒಟ್ಟು 111 ಮಾಡಿದಾಗಲೂ ಬೆನ್ನಿಗಿದ್ದದ್ದು ಇದೇ ಬಗೆಯ ಲೆಕ್ಕ. ಆ ಪಟ್ಟಿಯಲ್ಲಿ ಗೋವಾದ ಆರು ನದಿಗಳಿವೆ; 17 ಕಿ.ಮೀ. ಉದ್ದದ ಕುಂಭಾರಜುವೆ 27ನೆಯದು, 41 ಕಿ.ಮೀ. ಮಾಂಡವಿ 68ನೆಯದು, 50 ಕಿ.ಮೀ. ಜುವಾರಿ ಕೊನೆಯದು, ಎಂದರೆ 111ನೆಯದು. ಇಲ್ಲಿಯ ಗ್ರಾಮಸಭೆಗಳಲ್ಲಿ ಇದನ್ನು 'ನದಿಗಳ ರಾಷ್ಟ್ರೀಕರಣ' ಎಂದು ಕರೆದು ಜನ ಎದ್ದು ನಿಂತದ್ದು ಬೇರೆಯೇ ಕಥೆ. ನಾನು ಹೇಳಹೊರಟಿರುವುದು ಆ 1.06ರ ಬಗ್ಗೆ ಮಾತ್ರ. ಅದು ನೀರಿನ ಮೇಲೆ ಓಡುತ್ತಿರುವಾಗಿನ ದರ. ಸರಕು ನೀರಿಗೆ ಇಳಿಯುವ ಮೊದಲು ಮತ್ತು ನೀರಿನಿಂದ ಮೇಲೆ ಬಂದ ನಂತರ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ನಮ್ಮ ಕಚೇರಿಯ ಟ್ರಿಪ್ ಶೀಟಿನಲ್ಲಿ ಸಮಯಕ್ಕೆ ನಾಲ್ಕು ಕಾಲಂಗಳಿದ್ದವು: ಲೋಡಿಂಗ್, ಓಟ, ಅನ್‌ಲೋಡಿಂಗ್, ಕಾಯುವಿಕೆ. ಹೊಸದಾಗಿ ಸೇರಿದವನಾದ ನಾನು, ಬಾರ್ಜ್ ಎಂದರೆ ಓಡುವುದೇ ಅದರ ಕೆಲಸವಾದ್ದರಿಂದ ಓಟದ ಕಾಲಮ್ಮೇ ದೊಡ್ಡದಿರಬಹುದೆಂದು ತಿಳಿದಿದ್ದೆ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಬಹುಪಾಲು ಬಾರ್ಜುಗಳಿಗೆ ಅದೇ ಸಣ್ಣ ಕಾಲಂ. ಸಾವರ್ಡೆ ಕಡೆಯ ಜೆಟ್ಟಿಯಿಂದ ಮುರಗಾಂವ್ ಬಂದರಿಗೆ ತುಂಬಿದ ಬಾರ್ಜು ಬರಲು ಮೂರು-ನಾಲ್ಕು ಗಂಟೆ ಸಾಕಾದರೆ, ಜೆಟ್ಟಿಯಲ್ಲಿ ಸರದಿಗಾಗಿ, ಉಬ್ಬರಕ್ಕಾಗಿ, ಹಡಗಿನ ಪಕ್ಕದಲ್ಲಿ ಜಾಗಕ್ಕಾಗಿ ಕಾಯುವುದರಲ್ಲಿ ಅದರ ಎರಡು ಮೂರು ಪಟ್ಟು ಹೊತ್ತು ಹೋಗುತ್ತಿತ್ತು. ಒಮ್ಮೆ ಟಂಡೇಲನೊಬ್ಬ (ಬಾರ್ಜಿನ ಮುಖ್ಯ ನಾವಿಕ) ಇಳಿತಕ್ಕೆ ಸಿಕ್ಕಿ ಮರಳದಿಬ್ಬದ ಮೇಲೆ ತಳ ಊರಿಕೊಂಡು ಆರು ಗಂಟೆ ನಿಂತಿದ್ದಕ್ಕೆ, 'ಕಾಯುವಿಕೆ' ಕಾಲಂನಲ್ಲಿ ಗಂಟೆ ಬರೆದು ಪಕ್ಕದಲ್ಲಿ ಕಾರಣ ಎಂದು 'ಚಂದ್ರ' ಎಂದಷ್ಟೇ ಬರೆದು ಕಳಿಸಿದ್ದ. ನಮ್ಮ ಮ್ಯಾನೇಜರರು ಸಿಟ್ಟಾದರು; ಆದರೆ ಆತ ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಗೆ ನಿಂತಾಗಲೂ ಖಲಾಸಿಗಳ ಸಂಬಳ, ವಿಮೆ, ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತವೆ, ಹಡಗಿಗೆ ತಡವಾದರೆ ಅದನ್ನು ಕಾಯಿಸಿದ್ದಕ್ಕೆ ಡಿಮರೇಜೆಂಬ ದಂಡವೂ ತಲೆಗೆ ಬರುತ್ತದೆ. ಬಾರ್ಜಿನ ನಿಜವಾದ ಖರ್ಚು ದೂರವನ್ನಲ್ಲ, ನಿಲುಗಡೆಯನ್ನು ಅವಲಂಬಿಸಿದೆ.

ಹಾಗಾದರೆ ಗೋವಾದ ಕಬ್ಬಿಣದ ಅದಿರಿಗೆ ಈ ನದಿಮಾರ್ಗ ಹೇಗೆ ಲಾಭ ತಂದಿತು ಎಂದು ಕೇಳಬಹುದು. ಕರ್ನಾಟಕದಿಂದ ಬಂದ ಅದಿರೂ ಸೇರಿ 2010-11ರಲ್ಲಿ ಗೋವಾದಿಂದ ಐದು ಕೋಟಿ ಟನ್ನಿಗೂ ಹೆಚ್ಚು ಅದಿರು ಹೊರದೇಶಕ್ಕೆ ಹೋಯಿತು. ಅದರಲ್ಲಿ ಗೋವಾದ ಪಾಲು ಹೆಚ್ಚಾಗಿ ಹರಿದು ಬಂದದ್ದು ಮಾಂಡವಿ, ಜುವಾರಿ ಎರಡು ನದಿಗಳಲ್ಲೇ. ಕಾರಣ ಭೂಗೋಳದಲ್ಲಿದೆ. ಗಣಿಗಳಿಂದ ನದಿಯ ಜೆಟ್ಟಿಗೆ ಲಾರಿಯ ದಾರಿ ಚಿಕ್ಕದು. ಅಲ್ಲಿಂದ ತುಂಬಿದ ಬಾರ್ಜು ಹೊಳೆಯ ಇಳಿಮುಖದಲ್ಲಿ ಬರುತ್ತದೆ, ಬಂದದ್ದು ಹೊರದೇಶದ ಹಡಗಿನ ಮಗ್ಗುಲಿಗೇ ನಿಲ್ಲುತ್ತದೆ, ನಡುನೀರಿನಲ್ಲೇ ಗ್ರ್ಯಾಬಿನಿಂದ (ಕ್ರೇನಿನ ಬಾಚುವ ಬಕೆಟ್ಟಿನಿಂದ) ಅದಿರು ಹಡಗಿಗೆ ಏರುತ್ತದೆ. ಮಳೆಗಾಲದಲ್ಲಿ ಆಗ್ವಾದ ಅಳಿವೆಯ ಮರಳದಿಣ್ಣೆ ಮಾಂಡವಿಯ ಬಾಯಿ ಮುಚ್ಚಿದಾಗ ಬಾರ್ಜುಗಳು ಕುಂಭಾರಜುವೆಯ ಮೂಲಕ ಹಾದು ಜುವಾರಿ ಸೇರಿ ಮುರಗಾಂವಿಗೆ ಬರುತ್ತಿದ್ದವು. ಒಂದು ತುದಿಯಲ್ಲಿ ಗಣಿ, ಇನ್ನೊಂದು ತುದಿಯಲ್ಲಿ ಹಡಗು, ನಡುವೆ ನದಿ. ಇಷ್ಟು ಅಚ್ಚುಕಟ್ಟಾದ ಜೋಡಣೆ ದೇಶದಲ್ಲಿ ಬೇರೆ ಕಡೆ ಸಿಗುವುದು ಅಪರೂಪ.

ಕಲ್ಲಿದ್ದಲಿನ ಪಯಣ ಇದರ ತಲೆಕೆಳಗು. ಹೊರದೇಶದ ಹಡಗಿನಲ್ಲಿ ಬಂದ, ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಮುರಗಾಂವಿನಲ್ಲಿ ಇಳಿಯುತ್ತದೆ. ಅದು ಮುಟ್ಟಬೇಕಾದದ್ದು ಮುಖ್ಯವಾಗಿ ಘಟ್ಟದ ಮೇಲೆ 350 ಕಿ.ಮೀ.ಗೂ ಆಚೆ ಇರುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು. ಬಂದರಿನ ಒಳಗೇ ರೈಲು ಹಳಿ ಬಂದಿದೆ. ಅಲ್ಲಿ ರೇಕಿಗೆ (ಗೂಡ್ಸ್ ಗಾಡಿಯ ವ್ಯಾಗನ್ ಸಾಲಿಗೆ) ತುಂಬಿದ ಕಲ್ಲಿದ್ದಲು ಕಾರ್ಖಾನೆಯಲ್ಲೇ ಇಳಿಯುತ್ತದೆ, ನಡುವೆ ಯಾರೂ ಕೈ ಹಾಕುವುದಿಲ್ಲ. ಇದನ್ನು ಬಿಟ್ಟು ನದಿಯ ದಾರಿ ಹಿಡಿದರೆ ಸಿಗುವ ನೀರಿನ ಓಟ ಸುಮಾರು ನಲವತ್ತು ಕಿಲೋಮೀಟರ್. ಆಮೇಲೆ ಜೆಟ್ಟಿಯಲ್ಲಿ ಇಳಿಸಿ, ರಾಶಿ ಹಾಕಿ, ಮತ್ತೆ ಅದೇ ರೈಲಿಗೆ ತುಂಬಬೇಕು. ಸರಕಾರದ ಅಂಕಿಯನ್ನೇ ನಂಬಿ ಲೆಕ್ಕ ಹಾಕಿದರೂ ರೈಲಿಗಿಂತ ನದಿಯಲ್ಲಿ ಉಳಿಯುವುದು ಕಿಲೋಮೀಟರಿಗೆ 30 ಪೈಸೆ. ನಲವತ್ತು ಕಿಲೋಮೀಟರಿಗೆ ಟನ್ನಿಗೆ 12 ರೂಪಾಯಿ. ಎರಡು ಸಾವಿರ ಟನ್ನಿನ ಒಂದು ಬಾರ್ಜಿಗೆ 24,000 ರೂಪಾಯಿ. ಗ್ರ್ಯಾಬ್, ಲೋಡರ್, ಅವುಗಳ ಡೀಸೆಲ್, ರಾಶಿ ಹಾಕುವ ಪ್ಲಾಟಿನ ಬಾಡಿಗೆ, ಧೂಳು ಅಡಗಿಸಲು ನೀರು ಸಿಂಪಡಿಸುವವರ ಕೂಲಿ, ಎಲ್ಲವೂ ಟನ್ನಿಗೆ 12 ರೂಪಾಯಿಯೊಳಗೆ ಮುಗಿಯಬೇಕು. ಅಂಥ ಗುತ್ತಿಗೆದಾರ ನನ್ನ ಕಾಲದಲ್ಲಿ ಸಿಕ್ಕಿದ್ದರೆ ನಮ್ಮ ಕಂಪನಿ ಅವನಿಗೆ ಪಾಲುದಾರಿಕೆಯನ್ನೇ ಕೊಟ್ಟುಬಿಡುತ್ತಿತ್ತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೋಕಿಂಗ್ ಕಲ್ಲಿದ್ದಲು ಅದಿರಿನಂತೆ ಭಾರವಾದ ಕಲ್ಲಲ್ಲ, ಎತ್ತಿ ಇಳಿಸಿದಷ್ಟೂ ಪುಡಿಯಾಗುವ, ಗಾಳಿಗೆ ಹಾರುವ ಸರಕು. ಹ್ಯಾಚಿನ (ಸರಕು ತುಂಬುವ ಗುಂಡಿಯ) ಮೂಲೆಯಲ್ಲಿ ಉಳಿಯುವುದು, ಗ್ರ್ಯಾಬಿನ ಬಾಯಿಂದ ನೀರಿಗೆ ಸುರಿಯುವುದು, ಪ್ಲಾಟಿನ ಮಣ್ಣಿಗೆ ಬೆರೆಯುವುದು ಎಲ್ಲ ಸೇರಿ ಸಾವಿರ ಟನ್ನಿಗೆ ಎರಡೇ ಟನ್ ಹೋಯಿತೆಂದು ಉದಾರವಾಗಿ ಹಿಡಿಯೋಣ. ಎರಡು ಸಾವಿರ ಟನ್ನಿನ ಬಾರ್ಜಿಗೆ ನಾಲ್ಕು ಟನ್. ಟನ್ನಿಗೆ ಹದಿನೈದು ಸಾವಿರ ರೂಪಾಯಿ ಬೆಲೆ ಹಿಡಿದರೆ ಅರವತ್ತು ಸಾವಿರ ರೂಪಾಯಿ. ಉಳಿತಾಯ ಇಪ್ಪತ್ನಾಲ್ಕು ಸಾವಿರ, ಉದುರಿದ್ದು ಅರವತ್ತು ಸಾವಿರ. ಹಾಗೆ ಉದುರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಾಸ್ಕೋದಲ್ಲಿರುವ ನಮಗೆ ಯಾರೂ ವಿವರಿಸಬೇಕಿಲ್ಲ. ನನ್ನ ಹೆಂಡತಿ ಬೆಳಿಗ್ಗೆ ಪೂಜೆಗೆ ಮುಂಚೆ ಕಿಟಕಿಯ ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಅದಿರಿನ ಕಾಲದಲ್ಲಿ ಆ ಬಟ್ಟೆ ಕೆಂಪಾಗುತ್ತಿತ್ತು, ಈಗ ಕಪ್ಪಾಗುತ್ತದೆ.

ಈ ಯೋಜನೆಯ ಪರವಾಗಿ ಒಂದು ಗಟ್ಟಿಯಾದ ವಾದವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಡಗನ್ನು ಬರ್ತಿಗೆ (ಬಂದರಿನ ನಿಲುಗಟ್ಟೆಗೆ) ತರದೆ ನಡುನೀರಿನಲ್ಲೇ ಬಾರ್ಜುಗಳಿಗೆ ಇಳಿಸಿ, ಜುವಾರಿಯ ಮೇಲ್ಭಾಗದಲ್ಲಿ ಸಾವರ್ಡೆ-ಕುಡ್ಚಡೆ ಹತ್ತಿರ ರೈಲು ಸೈಡಿಂಗ್ (ಸರಕು ತುಂಬುವ ಪಕ್ಕದ ಹಳಿ) ಮಾಡಿ ಅಲ್ಲಿಂದ ರೇಕು ಹೊರಡಿಸಿದರೆ, ವಾಸ್ಕೋದಿಂದ ವೆಲ್ಸಾಂವ್, ಕಾಂಸಾವಳಿ, ಮಡಗಾಂವ್ ಮೇಲೆ ಹಾಯುವ ಹಳಿಯ ಮೇಲಿನ ಒತ್ತಡ ತಗ್ಗುತ್ತದೆ, ಆ ಊರುಗಳ ಮನೆಗಳ ಹಿತ್ತಲಿಗೇ ಬಂದು ನಿಲ್ಲುವ ಜೋಡಿಹಳಿಯ ಅಗತ್ಯವೂ ಕಡಿಮೆಯಾಗುತ್ತದೆ, ಬಂದರಿನ ಬರ್ತು ಬೇರೆ ಸರಕಿಗೆ ತೆರವಾಗುತ್ತದೆ. ಕಾಗದದ ಮೇಲೆ ಇದು ಚೆಂದವೇ. ಆದರೆ ಹಾಗೆ ಮಾಡಿದಾಗ ಧೂಳು ವಾಸ್ಕೋ ಬಿಟ್ಟು ಕುಡ್ಚಡೆಗೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 58 ವ್ಯಾಗನ್ನುಗಳ ಒಂದು ರೇಕು ತುಂಬಲು ಸುಮಾರು ನಾಲ್ಕು ಸಾವಿರ ಟನ್, ಎಂದರೆ ಎರಡು ಬಾರ್ಜುಗಳು ಒಂದೇ ಹೊತ್ತಿಗೆ ಬಂದು ನಿಂತಿರಬೇಕು. ಒಂದು ಉಬ್ಬರ ತಪ್ಪಿದರೆ ರೇಕು ಕಾಯುತ್ತದೆ, ರೇಕು ತಡವಾದರೆ ಬಾರ್ಜು ಕಾಯುತ್ತದೆ. ಚಂದ್ರನ ವೇಳಾಪಟ್ಟಿ ಮತ್ತು ನೈರುತ್ಯ ರೈಲ್ವೆಯ ವೇಳಾಪಟ್ಟಿ ಎರಡನ್ನೂ ಹೊಂದಿಸುವ ಆ ಕಚೇರಿಯಲ್ಲಿ ಕೂರುವ ಗುಮಾಸ್ತನ ಮೇಲೆ ನನಗೆ ಈಗಲೇ ಕನಿಕರವಿದೆ.

ಅಷ್ಟೆಲ್ಲ ಹೊಂದಿಸಿದ ಮೇಲೂ ಘಟ್ಟ ಅಲ್ಲೇ ಇರುತ್ತದೆ. ಈ ಮಾರ್ಗದ ನಿಜವಾದ ಇಕ್ಕಟ್ಟು ಬಂದರಿನಲ್ಲಿಲ್ಲ, ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಬ್ರಗಾಂಝಾ ಘಟ್ಟದಲ್ಲಿದೆ. ಅಲ್ಲಿ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಕಡಿದಾದ ಹಳಿ. ತುಂಬಿದ ಗೂಡ್ಸಿಗೆ ಮುಂದಿನ ಎಂಜಿನ್ನುಗಳು ಸಾಲದೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳನ್ನು ಕಟ್ಟಬೇಕು. ಧಾರವಾಡದಿಂದ ಮೀಟರ್‌ಗೇಜ್ ಗಾಡಿಯಲ್ಲಿ ಮೊದಲ ಸಲ ಇಳಿದು ಬಂದಾಗ, ದೂಧಸಾಗರದ ಹತ್ತಿರ ಹಿಂದಿನ ಎಂಜಿನ್ನಿನ ಉಸಿರಾಟ ಕೇಳಿದವನು ನಾನು. ಈ ಒಂಟಿ ಹಳಿಯನ್ನು ಜೋಡಿ ಮಾಡಲು ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಹೀಗಿರುವಾಗ ನದಿಯಲ್ಲಿ ಎಷ್ಟೇ ಬಾರ್ಜು ಓಡಿಸಿದರೂ ದಿನಕ್ಕೆ ಘಟ್ಟ ಹತ್ತುವ ರೇಕುಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ. ಕೊಡದ ಕತ್ತು ಕಿರಿದಾಗಿರುವಾಗ ಬಾವಿಯ ಹಗ್ಗ ದಪ್ಪ ಮಾಡಿ ಏನು ಪ್ರಯೋಜನ?

ನದಿಯಲ್ಲಿ ಕಲ್ಲಿದ್ದಲು ಸಾಗಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮುಂಬಯಿಯ ದಕ್ಷಿಣಕ್ಕೆ, ರಾಯಗಡ ಜಿಲ್ಲೆಯ ಧರಮತರ ಖಾರಿಗೆ (ಉಬ್ಬರದ ನೀರು ಒಳನುಗ್ಗುವ ಅಳಿವೆಗೆ) ಹೋಗಿ ನೋಡಿ. ಅಲ್ಲಿಯ ಅಂಬಾ ನದಿ ಹತ್ತನೆಯ ರಾಷ್ಟ್ರೀಯ ಜಲಮಾರ್ಗ. ರತ್ನಾಗಿರಿ ಜಿಲ್ಲೆಯ ಜೈಗಡದಲ್ಲಿ ದೊಡ್ಡ ಹಡಗುಗಳಿಂದ ಇಳಿಸಿದ ಅದಿರು, ಕಲ್ಲಿದ್ದಲನ್ನು ಸಣ್ಣ ಹಡಗುಗಳು ಕರಾವಳಿಯಗುಂಟ ತಂದು ಖಾರಿಯೊಳಗೆ ನುಗ್ಗಿ ಡೋಲ್ವಿಯ ಉಕ್ಕಿನ ಕಾರ್ಖಾನೆಯ ಅಂಗಳಕ್ಕೇ ಇಳಿಸುತ್ತವೆ. ದೇಶದ ಜಲಮಾರ್ಗಗಳಲ್ಲಿ ಸರಕಿನ ಪ್ರಮಾಣದಿಂದ ಅದು ಮುಂಚೂಣಿಯಲ್ಲಿರುವುದಕ್ಕೆ ಅಲ್ಲಿಯ ನೀರು ಹೆಚ್ಚು ಆಳ ಎಂಬುದು ಕಾರಣವಲ್ಲ. ಕಾರ್ಖಾನೆ ನೀರಿನ ದಡದಲ್ಲಿದೆ, ಮಧ್ಯೆ ಇನ್ನೊಂದು ವಾಹನವಿಲ್ಲ. ತೋರಣಗಲ್ಲು ಮತ್ತು ಡೋಲ್ವಿ ಎರಡೂ ಒಂದೇ ಉದ್ಯಮ ಸಮೂಹದ ಕಾರ್ಖಾನೆಗಳು. ಒಂದಕ್ಕೆ ನೀರು, ಇನ್ನೊಂದಕ್ಕೆ ರೈಲು ಎಂದು ಅವರು ಆರಿಸಿಕೊಂಡದ್ದರ ಹಿಂದೆ ಲೆಕ್ಕವಿದೆ, ಆ ಲೆಕ್ಕ ಹಾಕುವವರು ನನಗಿಂತ ಜಾಣರು.

ಗಂಗೆಯ ಕಥೆಯೂ ನೆನಪಿಗೆ ಬರುತ್ತದೆ. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿರುವ ಎನ್‌ಟಿಪಿಸಿ ಸ್ಥಾವರಕ್ಕೆ ಹಲ್ದಿಯಾ ಕಡೆಯ ಸಮುದ್ರದಿಂದ ಸುಮಾರು 560 ಕಿ.ಮೀ. ನದಿಯಲ್ಲಿ ವರ್ಷಕ್ಕೆ ಮೂವತ್ತು ಲಕ್ಷ ಟನ್ ಆಮದು ಕಲ್ಲಿದ್ದಲು ಸಾಗಿಸಲು 2011ರಲ್ಲಿ ಒಳನಾಡು ಜಲಮಾರ್ಗ ಪ್ರಾಧಿಕಾರ, ಎನ್‌ಟಿಪಿಸಿ ಮತ್ತು ಖಾಸಗಿ ಕಂಪನಿಯೊಂದರ ನಡುವೆ ಏಳು ವರ್ಷದ ಒಪ್ಪಂದವಾಯಿತು. ಅಲ್ಲಿ ದೂರವೂ ಇತ್ತು, ಸ್ಥಾವರವೂ ನೀರಿನ ಹತ್ತಿರವಿತ್ತು. ನನ್ನ 30 ಪೈಸೆಯ ಲೆಕ್ಕದಲ್ಲೇ ಟನ್ನಿಗೆ 168 ರೂಪಾಯಿ ಉಳಿಯಬೇಕಿತ್ತು. ಆದರೂ ಅದು ತಕರಾರಾಗಿ ಮಧ್ಯಸ್ಥಿಕೆದಾರರ ಮುಂದೆ ಹೋಗಿ ನಿಂತಿತು. ಹಳಿಯನ್ನು, ಜೆಟ್ಟಿಯನ್ನು, ಬಾರ್ಜನ್ನು ಒಂದೇ ಗ್ರಾಹಕನ ಒಂದೇ ಸರಕನ್ನು ನೆಚ್ಚಿಕೊಂಡು ಕಟ್ಟಿದಾಗ, ಆ ಗ್ರಾಹಕನ ಅಗತ್ಯ ಬದಲಾದರೆ ಉಳಿದವರ ಕೈಯಲ್ಲಿ ಉಳಿಯುವುದು ಕಾಗದ. ಕೇಂದ್ರ ಸರಕಾರ 2024ರ ಡಿಸೆಂಬರಿನಲ್ಲಿ ಆರಂಭಿಸಿದ 'ಜಲವಾಹಕ' ಯೋಜನೆಯನ್ನೂ ಗಮನಿಸಬೇಕು. ಗಂಗೆ, ಬ್ರಹ್ಮಪುತ್ರ, ಬರಾಕ್ ಜಲಮಾರ್ಗಗಳಲ್ಲಿ ಸರಕು ಸಾಗಿಸುವವರಿಗೆ ಓಡಾಟದ ಖರ್ಚಿನ ಶೇ 35ರವರೆಗೆ ಹಿಂತಿರುಗಿಸುವ ಆ ಯೋಜನೆ ಅನ್ವಯವಾಗುವುದು 300 ಕಿ.ಮೀ.ಗಿಂತ ಹೆಚ್ಚು ದೂರಕ್ಕೆ. ಮುನ್ನೂರು ಕಿಲೋಮೀಟರಿಗೂ ಮೂರನೇ ಒಂದು ಪಾಲು ಸಹಾಯಧನ ಬೇಕೆಂದು ಸರಕಾರವೇ ಒಪ್ಪಿರುವಾಗ, ನಲವತ್ತು ಕಿಲೋಮೀಟರ್ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂದು ನಂಬುವುದು ಹೇಗೆ?

ಹೂಳೆತ್ತುವ ಹಣ ಯಾರದ್ದು ಎಂಬುದಕ್ಕೂ ಉತ್ತರ ಬೇಕು. ಜಲಮಾರ್ಗ ಬಳಸುವ ಸರಕು ನೌಕೆಗಳಿಂದ ಪ್ರಾಧಿಕಾರ ಪಡೆಯುತ್ತಿದ್ದ ಶುಲ್ಕ ನೌಕೆಯ ಪ್ರತಿ ಜಿಆರ್‌ಟಿಗೆ (ನೌಕೆಯ ಒಳಗಾತ್ರದ ಅಳತೆ) ಕಿಲೋಮೀಟರಿಗೆ ಎರಡು ಪೈಸೆ. ಅದನ್ನೂ 2020ರಲ್ಲಿ ಮೂರು ವರ್ಷಕ್ಕೆ ಮನ್ನಾ ಮಾಡಲಾಯಿತು. ಅಂದರೆ ದಾರಿ ಮಾಡುವ, ದಾರಿ ಕಾಯುವ ಖರ್ಚು ಬಹುಮಟ್ಟಿಗೆ ಬೊಕ್ಕಸದ್ದು, 1.06 ರೂಪಾಯಿಯಲ್ಲಿ ಅದು ಕಾಣುವುದಿಲ್ಲ. ರೈಲಿನ ದರದಲ್ಲಿ ಹಳಿ, ಸಿಗ್ನಲ್, ಸಿಬ್ಬಂದಿಯ ಪಿಂಚಣಿ ಸೇರಿರುವುದಲ್ಲದೆ, ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ಟಿಕೇಟಿನ ಒಂದು ಪಾಲೂ ಸೇರಿದೆ. ರೈಲ್ವೆಯ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಕಲ್ಲಿದ್ದಲು, ಪ್ರಯಾಣಿಕರ ಟಿಕೇಟು ಅಗ್ಗವಾಗಿರುವುದಕ್ಕೆ ಅದರ ಬಾಡಿಗೆಯೇ ಆಸರೆ. ಒಬ್ಬ ಮನೆ ಬಾಡಿಗೆ ಸೇರಿಸಿ ಖರ್ಚು ಹೇಳುತ್ತಾನೆ, ಇನ್ನೊಬ್ಬ ಮಾವನ ಮನೆಯಲ್ಲಿದ್ದುಕೊಂಡು ಖರ್ಚು ಹೇಳುತ್ತಾನೆ. ಇಬ್ಬರಲ್ಲಿ ಯಾರು ಮಿತವ್ಯಯಿ ಎಂದು ತೀರ್ಮಾನಿಸುವುದು ಕಷ್ಟ.

ಇಲ್ಲಿ ಕನ್ನಡ ಓದುಗರಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಮಹದಾಯಿ ಎನ್ನುವ ನದಿಯೇ ಇಲ್ಲಿ ಮಾಂಡವಿ. ಆದ್ದರಿಂದ ಜಲಮಾರ್ಗದ ವಿಷಯ ಬಂದ ಕೂಡಲೇ, ಖಾನಾಪುರದ ಕಡೆ ನೀರು ತಿರುಗಿಸಿದರೆ ಬಾರ್ಜು ಓಡುವುದಿಲ್ಲ ಎಂದು ಇಲ್ಲಿಯವರೂ, ಬಾರ್ಜಿನ ನೆಪದಲ್ಲಿ ನಮ್ಮ ನೀರಿಗೆ ಅಡ್ಡಿ ಎಂದು ಅಲ್ಲಿಯವರೂ ಮಾತಾಡುತ್ತಾರೆ. ಬಾರ್ಜುಗಳು ಓಡುವ ಭಾಗದಲ್ಲಿ ಆಳ ನಿರ್ಧಾರವಾಗುವುದು ಮುಖ್ಯವಾಗಿ ಸಮುದ್ರದ ಉಬ್ಬರ-ಇಳಿತದಿಂದ. ಅದರ ಪ್ರಭಾವ ಮಾಂಡವಿಯಲ್ಲಿ ಗಾಂಜೆಯವರೆಗೆ, ಜುವಾರಿಯಲ್ಲಿ ಸಾವರ್ಡೆಯವರೆಗೆ ಇರುತ್ತದೆ. ಮಹದಾಯಿಯ ಜಗಳಕ್ಕೂ ಬಾರ್ಜಿನ ಆಳಕ್ಕೂ ಗಂಟು ಹಾಕುವುದು ಬೇಡ.

ಇನ್ನು ಗ್ರಾಹಕನ ವಿಷಯ. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಆಳಸಮುದ್ರದ ಹೊಸ ಬಂದರು ಕಟ್ಟುವ ಗುತ್ತಿಗೆ 2023ರಲ್ಲಿ ತೋರಣಗಲ್ಲು ಕಾರ್ಖಾನೆಯ ಉದ್ಯಮ ಸಮೂಹಕ್ಕೇ ಸಿಕ್ಕಿದೆ. ಅಲ್ಲಿಯ ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ, ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಡತದಲ್ಲಿದೆ. ಆದ್ದರಿಂದ ಆ ಬಂದರು ಯಾವಾಗ, ಹೇಗೆ ಎಂಬುದನ್ನು ನಾನು ಊಹಿಸಲಾರೆ. ಆದರೆ ತೋರಣಗಲ್ಲಿನ ಕಲ್ಲಿದ್ದಲಿಗೆ ಮುರಗಾಂವ್ ಮುಖ್ಯ ಬಾಗಿಲಾಗಿ ಎಂದೆಂದಿಗೂ ಉಳಿಯುತ್ತದೆ ಎಂದು ನಂಬಿ ಜುವಾರಿಯ ತಳವನ್ನು ಅಗೆಯುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಕ್ಕಿಂತಲೂ ಒಂದು ಹೆಜ್ಜೆ ಮುಂದಿನ ಕೆಲಸ. ಇಲ್ಲಿ ಕೂಸು ಬೇರೆ ಮನೆಗೆ ಹೋಗುವ ಸೂಚನೆಯೂ ಇದೆ.

ಈ ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. 2012ರಲ್ಲಿ ಗಣಿಗಾರಿಕೆ ನಿಂತಿತು, ಆಮೇಲೆ ಮಿತಿ ಹಾಕಿ ಮತ್ತೆ ಆರಂಭವಾಯಿತು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದುಮಾಡಿದಾಗ ಮತ್ತೆ ನಿಂತಿತು. ಸಾಲ ಮಾಡಿ ಬಾರ್ಜು ಕೊಂಡವರು, ಅದರಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳು, ಜೆಟ್ಟಿಗೆ ಅದಿರು ಹೊಡೆಯುತ್ತಿದ್ದ ಲಾರಿ ಚಾಲಕರು ಬೀದಿಗೆ ಬಿದ್ದರು. ನದಿಯ ದಡದಲ್ಲಿ ತುಕ್ಕು ಹಿಡಿದು ನಿಂತ ಬಾರ್ಜುಗಳನ್ನು ನೋಡಿದಾಗ ನನಗೂ, ಏನಾದರೊಂದು ಸರಕು ಸಿಕ್ಕಿ ಇವು ಓಡಲಿ ಎನಿಸಿದ್ದುಂಟು. ಗಣಿಗಾರಿಕೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತಿರುವಾಗ ಅದಿರಿಗೆ ಆ ಬಾರ್ಜುಗಳು ಬೇಕು. ನದಿ ದಡದ ಊರುಗಳ ನಡುವೆ ಸಿಮೆಂಟು, ಜಲ್ಲಿಗೂ ಅವು ಬಳಕೆಯಾಗಬಹುದು. ಹೀಗೆ ದಡದಿಂದ ದಡಕ್ಕೆ ಹೋಗುವ ಸರಕು ಎಷ್ಟಿದೆ ಎಂದು ಮೊದಲು ಎಣಿಸಬೇಕು.

ಆಡಳಿತಕ್ಕೆ ನನ್ನ ವಿನಂತಿ ಇಷ್ಟೇ. ಈ ನದಿಗಳಲ್ಲಿ ಕಲ್ಲಿದ್ದಲು ಸಾಗಣೆಗೆ ಯೋಜನೆ ರೂಪಿಸುವುದಾದರೆ, ಹಡಗಿನ ಹ್ಯಾಚಿನಿಂದ ತೋರಣಗಲ್ಲಿನ ಯಾರ್ಡಿನವರೆಗೆ ಒಂದು ಟನ್ನಿಗೆ ಪ್ರತಿ ಎತ್ತುವಿಕೆ ಮತ್ತು ಇಳಿಸುವಿಕೆಯ ಖರ್ಚನ್ನು, ಅದರಲ್ಲಾಗುವ ಉದುರುವಿಕೆಯನ್ನು, ಹೂಳೆತ್ತುವ ವಾರ್ಷಿಕ ಖರ್ಚಿನಲ್ಲಿ ಸರಕಿನ ಒಡೆಯ ಕೊಡುವ ಪಾಲನ್ನು, ಆತ ಎಷ್ಟು ವರ್ಷ ಎಷ್ಟು ಟನ್ ಸಾಗಿಸುವುದಾಗಿ ಬರೆದುಕೊಡುತ್ತಾನೆ ಎಂಬುದನ್ನು ಟೆಂಡರಿಗೆ ಮುಂಚೆ ಕೊಂಕಣಿ, ಮರಾಠಿ, ಕನ್ನಡ ಮೂರೂ ಭಾಷೆಗಳಲ್ಲಿ ಪ್ರಕಟಿಸಲಿ. ಟ್ರಿಪ್ ಶೀಟ್ ಓದಬಲ್ಲ ನಿವೃತ್ತ ಗುಮಾಸ್ತರು ವಾಸ್ಕೋದಲ್ಲಿ ಇನ್ನೂ ಹಲವರಿದ್ದೇವೆ. ಸಂಜೆ ಹೊತ್ತು ನಮಗೆ ಬೇರೆ ಕೆಲಸವೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ಗುಮಾಸ್ತ, ವಾಸ್ಕೋ, ಗೋವಾ